ಹೊಸ ಬಿಲ್ಲನ್ನು ತೋಳಿಗೆ ಹೊಂದಿಸುವ ಬಗೆ

ಸುರಪುರದಲ್ಲಿ ಬಿಲ್ಲು ಹಿಡಿದು ಬೀದಿಗಿಳಿದರೆ ಎದುರಾದವರು ಕೇಳುವುದು ಒಂದೇ ಮಾತು: "ಬೇಟೆಗೆ ಹೊರಟಿರೇನು, ಸರ್?" ಬೇಡ ನಾಯಕರು ಆಳಿದ ಊರು, ಆ ಪ್ರಶ್ನೆ ಬರುವುದು ಸಹಜ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ಹೊಲಕ್ಕೆ ಬರುವ ನವಿಲಿಗೋ ಕೃಷ್ಣಮೃಗಕ್ಕೋ ಬಾಣ ಹೂಡುವ ಮಾತನ್ನು ನಾನು ಕೇಳಲೂ ಒಪ್ಪುವುದಿಲ್ಲ. ಕಾಗದದ ಗುರಿಗೆ ಹೊಡೆಯುವ, ತುದಿಗಳು ಮುಂದಕ್ಕೆ ಬಾಗಿದ ರಿಕರ್ವ್ ಬಿಲ್ಲು ನನ್ನದು. ದಸರಾ ರಜೆಯಲ್ಲಿ ಅಕ್ಕನ ಮಗನಿಗೆ ಅಂಥದ್ದೇ 66 ಇಂಚಿನ ಹೊಸ ಬಿಲ್ಲನ್ನು ಸಜ್ಜು ಮಾಡಿಕೊಟ್ಟೆ.

ಹೆದೆ ಎಳೆಯಲು ಬೇಕಾದ ಬಲವನ್ನು ಪೌಂಡಿನಲ್ಲಿ ಹೇಳುತ್ತಾರೆ. ಅವನಿಗೆ 36 ಪೌಂಡಿನದೇ ಬೇಕಿತ್ತು. ನಾನು ತರಿಸಿದ್ದು 24. ಹಿಡಿಕೆಯ ಮೇಲೂ ಕೆಳಗೂ ಇರುವ ಬಾಗುವ ತೋಳೇ ಲಿಂಬು. ಅದರ ಮೇಲೆ ಬರೆದಿರುವ ಪೌಂಡು 28 ಇಂಚು ಎಳೆದಾಗಿನ ಲೆಕ್ಕ. ಇಂಚು ಕಡಿಮೆಯಾದಂತೆ ಸುಮಾರು ಎರಡೆರಡು ಪೌಂಡು ಇಳಿಯುತ್ತದೆ. ಹುಡುಗ ಎಳೆಯುವುದು 26 ಇಂಚು, ಬೆರಳಿಗೆ ಬೀಳುವ ಭಾರ 20ರ ಆಸುಪಾಸು. ಹೆದೆಯನ್ನು ಗಲ್ಲದವರೆಗೆ ತಂದು, ಹತ್ತು ಎಣಿಸುವಷ್ಟು ಹೊತ್ತು ನಡುಗದೆ ನಿಂತು, ಮೆಲ್ಲಗೆ ಹಿಂದಕ್ಕೆ ಬಿಡಲು ಆಗದಿದ್ದರೆ ಆ ಬಿಲ್ಲು ನಿಮ್ಮದಲ್ಲ. ಬಾಣವಿಲ್ಲದೆ ಹೆದೆಯನ್ನು ಎಂದೂ ಚಿಮ್ಮಿಸಬೇಡಿ. ಬಾಣ ಹೊತ್ತೊಯ್ಯಬೇಕಾದ ಬಲವೆಲ್ಲ ಲಿಂಬಿಗೇ ಮರಳಿ ಬಡಿಯುತ್ತದೆ.

ಹೆದೆ ಏರಿಸಲು ಸ್ಟ್ರಿಂಗರ್ ಬಳಸಿ, ಅದು ಬಿಲ್ಲಿನ ಎರಡೂ ತುದಿಗೆ ಸಿಕ್ಕಿಸಿ ಬಗ್ಗಿಸುವ ಹಗ್ಗ. ಕಾಲಿಗೆ ಒತ್ತಿ ಬಗ್ಗಿಸಿದರೆ ಲಿಂಬು ತಿರುಚಿಕೊಳ್ಳುತ್ತದೆ. ಏರಿಸಿದ ಮೇಲೆ ಹಿಡಿಕೆಯ ಆಳದಿಂದ ಹೆದೆಗೆ ಇರುವ ಅಂತರವನ್ನು ಅಳೆಯಿರಿ. 66 ಇಂಚಿನ ಬಿಲ್ಲಿಗೆ ಅದು 8.25ರಿಂದ 8.75 ಇಂಚು ಇರಬೇಕು. ಕಡಿಮೆಯಿದ್ದರೆ ಹೆದೆಗೆ ಇನ್ನಷ್ಟು ಹುರಿ ಹಾಕಿ, ಹೆಚ್ಚಿದ್ದರೆ ಹುರಿ ಬಿಚ್ಚಿ. ಬಾಣ ಸಿಕ್ಕಿಸುವ ಜಾಗದ ಗುರುತನ್ನು ಬಾಣ ಕೂರುವ ಆಸರೆಯಿಂದ ಹೆದೆಗೆ ಮೂಲೆಮಟ್ಟ ಹಿಡಿದಾಗ ಸಿಗುವ ಜಾಗಕ್ಕಿಂತ 6ರಿಂದ 10 ಮಿಲಿಮೀಟರ್ ಮೇಲೆ ಕಟ್ಟಿ.

ಇನ್ನು ಬಾಣ. ಹೆಚ್ಚಿನವರು ಎಡವುವುದು ಇಲ್ಲಿಯೇ, ಬಿಲ್ಲಿಗೆ ಸಾವಿರಾರು ರೂಪಾಯಿ ಸುರಿದು ಬಾಣವನ್ನು ಕಂಡಕಂಡದ್ದು ತರುತ್ತಾರೆ. ಬಾಣ ಎಷ್ಟು ಬಾಗುತ್ತದೆ ಎಂದು ಹೇಳುವುದು ಸ್ಪೈನ್ ಅಂಕಿ; ಅದು ದೊಡ್ಡದಾದಷ್ಟೂ ಬಾಣ ಮೆದು. ನಮ್ಮ ಹುಡುಗನಿಗೆ 1000 ಹೊಂದಿತು. ಎಳೆಯುವ ಅಳತೆಗಿಂತ ಎರಡು ಇಂಚು ಉದ್ದವಿರಲಿ, ಇಲ್ಲವಾದರೆ ಹೊಸಬರ ಕೈಯಲ್ಲಿ ಬಾಣದ ಮೊನೆ ಆಸರೆಯಿಂದ ಹಿಂದೆ ಜಾರಿ ಕೈಗೇ ನೆಡಬಹುದು.

ನಮ್ಮ ಊರು ಬಂಡೆಗಳ ಊರು. ಮೂರನೆಯ ದಿನ ಒಂದು ಬಾಣ ಗುರಿ ತಪ್ಪಿ ಬಂಡೆಗೆ ಬಡಿಯಿತು. ನೋಡಲು ನೆಟ್ಟಗೆ ಇತ್ತು, "ಏನೂ ಆಗಿಲ್ಲ ಮಾಮಾ" ಎಂದ. ಹೊಲದಿಂದ ಒಂದು ಹತ್ತಿಯ ಅರಳೆ ತಂದು ಬಾಣದುದ್ದಕ್ಕೂ ಸವರಿಸಿದೆ. ಮೊನೆಯಿಂದ ನಾಲ್ಕು ಬೆರಳು ಹಿಂದೆ ಎರಡು ಎಳೆ ಸಿಕ್ಕಿಕೊಂಡವು. ಕಿವಿಗೆ ಹತ್ತಿರ ಹಿಡಿದು ಮೆಲ್ಲಗೆ ಬಗ್ಗಿಸಿದಾಗ ಚಿಟ್ ಎಂದಿತು. ಬಾಣದ ಕಾರ್ಬನ್ ಕಡ್ಡಿ ಸೀಳಿತ್ತು. ಅದನ್ನು ಹೂಡಿದ್ದರೆ ಬಿಡುವ ಗಳಿಗೆಯಲ್ಲಿ ಚೂರಾಗಿ ಅವನ ಎಡಗೈಗೆ ಹೊಕ್ಕುತ್ತಿತ್ತು. ಅಂದೇ ಮುರಿದು ಎಸೆದೆ, ಗುರಿಯನ್ನೂ ಮಣ್ಣಿನ ಒಡ್ಡಿನ ಮುಂದಕ್ಕೆ ಸಾಗಿಸಿದೆ.

ಗುರಿ ನೋಡಲು ಬಿಲ್ಲಿಗೆ ಕೂರಿಸುವ ಸೈಟ್ ಹೊಂದಿಸುವುದನ್ನು 10 ಮೀಟರಿನಿಂದ ಆರಂಭಿಸಿ. ಒಂದು ಬಾಣ ನೋಡಿ ತಿರುಪು ತಿರುಗಿಸಬೇಡಿ; ಮೂರು ಬಿಟ್ಟು ಅವುಗಳ ನಡುವಣ ಜಾಗ ಹಿಡಿಯಿರಿ. ಬಾಣಗಳು ಹೋದ ಕಡೆಗೇ ಸೈಟ್ ಹೋಗಬೇಕು: ಎಡಕ್ಕೆ ಬಿದ್ದರೆ ಎಡಕ್ಕೆ, ಮೇಲೆ ಬಿದ್ದರೆ ಮೇಲಕ್ಕೆ. 18 ಮೀಟರಿಗೆ ಹಿಂದೆ ಸರಿದಾಗ ಸೈಟ್ ಕೆಳಗಿಳಿಯುತ್ತದೆ.

ಅಲ್ಲಿ ಗರಿಯಿಲ್ಲದ ಒಂದು ಬಾಣವನ್ನೂ ಬಿಟ್ಟು ನೋಡಿ. ಬಲಗೈಯವರಿಗೆ ಅದು ಗರಿಯುಳ್ಳವುಗಳ ಎಡಕ್ಕೆ ನೆಟ್ಟರೆ ಬಾಣ ಬಿರುಸು, ಬಲಕ್ಕೆ ನೆಟ್ಟರೆ ಮೆದು. ಕೆಳಗೆ ನೆಟ್ಟರೆ ಹೆದೆಯ ಗುರುತು ಮೇಲಿದೆ, ತುಸು ಇಳಿಸಿ. ನಮ್ಮದು ಅಂಗೈಯಗಲ ಎಡಕ್ಕಿತ್ತು. ಬಿರುಸು ಬಾಣ ಇನ್ನಷ್ಟು ಬಾಗಲೆಂದು ಲಿಂಬಿನ ತಿರುಪನ್ನು ಅರ್ಧ ಸುತ್ತು ಬಿಗಿ ಮಾಡಿ ಪೌಂಡು ಏರಿಸಿದ ಮೇಲೆ ಎರಡು ಬೆರಳಿಗೆ ಬಂತು. ಸೈಟಿನ ಪಟ್ಟಿಯ ಮೇಲೆ 18ರ ಜಾಗಕ್ಕೆ ಹುಡುಗನೇ ಪೆನ್ಸಿಲ್ ಗೆರೆ ಎಳೆದ.