ಲೈಸೋಜೈಮ್ ಎಷ್ಟು ಬಿಸಿ ತಡೆಯುತ್ತದೆ? ನನ್ನ ಅನುಭವ

ಈ ಪ್ರೋಟೀನ್ ಎಷ್ಟು ಡಿಗ್ರಿಯವರೆಗೆ ತಡೆಯುತ್ತದೆ ಅಂತ ಯಾರಾದರೂ ಕೇಳಿದರೆ, ಯಾವ ದ್ರಾವಣದಲ್ಲಿ ಅಂತ ನಾನು ತಿರುಗಿ ಕೇಳುತ್ತೇನೆ. ಅದು ಗೊತ್ತಾಗದೆ ಉತ್ತರ ಹೇಳೋಕೆ ಆಗಲ್ಲ.

ಇದು ನನಗೆ ಮನದಟ್ಟಾಗಿದ್ದು ಲೈಸೋಜೈಮ್ ಜೊತೆ ಕೆಲಸ ಮಾಡುತ್ತಾ. ಕೋಳಿ ಮೊಟ್ಟೆಯ ಬಿಳಿಯಲ್ಲಿರುವ ಕಿಣ್ವ ಇದು. 129 ಅಮೈನೋ ಆಮ್ಲಗಳ ಚಿಕ್ಕ ಸರಪಳಿ, ಅದನ್ನು ಒಳಗಿನಿಂದ ಬಿಗಿದಿರುವ 4 ಡೈಸಲ್ಫೈಡ್ ಬಂಧಗಳು (ಗಂಧಕದ ಕೊಂಡಿಗಳು). ಬೆಲೆ ಕಡಿಮೆ, ಶುದ್ಧವಾಗಿಯೂ ಸಿಗುತ್ತದೆ. ಹೊಸಬರು ಕೈ ಪಳಗಿಸಲು ತುಂಬಾ ಒಳ್ಳೆಯದು.

ಬಫರ್ ಅಂದರೆ ಪಿಎಚ್ (ಆಮ್ಲೀಯತೆಯ ಅಳತೆ) ಹೆಚ್ಚು ಬದಲಾಗದಂತೆ ಹಿಡಿದಿಡುವ ದ್ರಾವಣ. ಅದನ್ನು ಆರಿಸುವಾಗಲೇ ಹುಷಾರಾಗಿರಬೇಕು. ಟ್ರಿಸ್ ಎಲ್ಲರ ಕೈಗೂ ಸಿಗುವ ಬಫರ್, ಆದರೆ ಒಂದೊಂದು ಡಿಗ್ರಿ ಏರಿದಂತೆ ಅದರ ಪಿಎಚ್ ಸುಮಾರು 0.03ರಷ್ಟು ಇಳಿಯುತ್ತದೆ. 25ರಿಂದ 75 ಡಿಗ್ರಿ ಮುಟ್ಟುವಷ್ಟರಲ್ಲಿ ನೀವು ಅಳೆಯುತ್ತಿರುವುದು ಬೇರೆಯೇ ಪಿಎಚ್‌ನಲ್ಲಿ. ಫಾಸ್ಫೇಟ್‌ಗೆ ಆ ತೊಂದರೆ ತೀರಾ ಕಡಿಮೆ, ಹಾಗಾಗಿ ನಾನು ಅದನ್ನೇ ಬಳಸುತ್ತೇನೆ.

ಕ್ಯುವೆಟ್ (ಸ್ಯಾಂಪಲ್ ಹಾಕುವ ಪಾರದರ್ಶಕ ಚಿಕ್ಕ ಪಾತ್ರೆ) ಬಿಸಿ ಮಾಡುತ್ತಾ 222 ನ್ಯಾನೋಮೀಟರ್‌ನಲ್ಲಿ ಸಿಡಿ ರೀಡಿಂಗ್ ನೋಡುತ್ತೇನೆ. ಸಿಡಿ ಅಂದರೆ ಸರ್ಕ್ಯುಲರ್ ಡೈಕ್ರೋಯಿಸಂ, ಬೆಳಕಿನಿಂದ ಪ್ರೋಟೀನಿನ ಆಕಾರ ತಿಳಿಯುವ ವಿಧಾನ. ಪ್ರೋಟೀನಿನ ಸುರುಳಿಗಳು ಬಿಚ್ಚಿಕೊಂಡಂತೆ ಗೆರೆ ಏರುತ್ತದೆ. ಅರ್ಧದಷ್ಟು ಬಿಚ್ಚಿಕೊಳ್ಳುವ ಉಷ್ಣಾಂಶವೇ ಕರಗುಬಿಂದು. ತಟಸ್ಥ ಪಿಎಚ್‌ನಲ್ಲಿ ಲೈಸೋಜೈಮಿಗೆ ಅದು 75 ಡಿಗ್ರಿಯ ಆಸುಪಾಸು. ಬಫರನ್ನು ಮೊದಲೇ ಡೀಗ್ಯಾಸ್ ಮಾಡಿಟ್ಟುಕೊಳ್ಳಿ (ಕರಗಿರುವ ಗಾಳಿ ತೆಗೆದುಬಿಡಿ), ಇಲ್ಲದಿದ್ದರೆ ಬಿಸಿಗೆ ಗುಳ್ಳೆ ಎದ್ದು ರೀಡಿಂಗ್ ಕುಣಿಯುತ್ತದೆ.

ಗ್ಲಿಸರಾಲ್ ಬೆರೆಸಿದರೆ ಕರಗುಬಿಂದು ಮೇಲೆ ಹೋಗುತ್ತದೆ. ಗ್ಲಿಸರಾಲ್ ಪ್ರೋಟೀನನ್ನು ಹಿಡಿದು ಗಟ್ಟಿ ಮಾಡುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಿಜವಾಗಿ ನಡೆಯುವುದು ಉಲ್ಟಾ. ಅದು ಪ್ರೋಟೀನಿನ ಮೈಯಿಂದ ದೂರವೇ ಉಳಿಯುತ್ತದೆ, ಮೈಗೆ ಹತ್ತಿರ ನೀರೇ ಜಾಸ್ತಿ ಇರುತ್ತದೆ. ಮಡಿಕೆ ಬಿಚ್ಚಿದರೆ ಮೈ ಇನ್ನೂ ಅಗಲವಾಗಬೇಕಲ್ವಾ? ಅಷ್ಟು ಅಗಲದಿಂದ ಗ್ಲಿಸರಾಲನ್ನು ದೂರ ಇಡಲು ಖರ್ಚಾಗುವ ಶಕ್ತಿಯೂ ಜಾಸ್ತಿ. ಅದಕ್ಕೇ ಪ್ರೋಟೀನ್ ಮುದುಡಿಕೊಂಡೇ ಇರುತ್ತದೆ. ಈ ಮಾತು ನನಗೆ ಈಗಲೂ ತುಂಬಾ ಚೆಂದ ಅನ್ನಿಸುತ್ತದೆ.

ಎಥನಾಲ್ ಇದಕ್ಕೆ ತದ್ವಿರುದ್ಧ. ತಣ್ಣಗಿರುವಾಗ ಸ್ವಲ್ಪ ಎಥನಾಲಿನಿಂದ ಲೈಸೋಜೈಮಿಗೆ ಅಂಥ ತೊಂದರೆ ಕಾಣುವುದಿಲ್ಲ. ಬಿಸಿ ಏರಿದಾಗ, ಪ್ರೋಟೀನಿನ ಒಳಗೆ ಅಡಗಿದ್ದ, ನೀರನ್ನು ಒಲ್ಲದ ಭಾಗಗಳು ಹೊರಬಂದರೆ ಆಲ್ಕೋಹಾಲ್ ಅವಕ್ಕೆ ಆಸರೆ ಕೊಡುತ್ತದೆ. ಹಾಗಾಗಿ ಬೇಗ ಬಿಚ್ಚಿಕೊಳ್ಳುತ್ತದೆ. ಮೆಥನಾಲಿಗಿಂತ ಎಥನಾಲ್, ಅದಕ್ಕಿಂತ ಪ್ರೊಪನಾಲ್ ಕರಗುಬಿಂದುವನ್ನು ಹೆಚ್ಚು ಇಳಿಸುತ್ತದೆ. ಈ ಸ್ಯಾಂಪಲ್‌ಗಳಿಗೆ ಕ್ಯುವೆಟ್ ಬಿರಡೆ ಬಿಗಿಯಾಗಿರಲೇಬೇಕು. ಎಥನಾಲ್ 78 ಡಿಗ್ರಿಗೆ ಕುದಿಯುತ್ತದೆ, ಅದಕ್ಕೂ ಮೊದಲೇ ಆವಿಯಾಗುತ್ತಾ ಹೋಗುತ್ತದೆ. ಪ್ರೋಟೀನ್ ಬಿಚ್ಚಿಕೊಂಡಾಗ ಹೊಳೆಯುವ ಸೈಪ್ರೋ ಆರೆಂಜ್ ಡೈ ಹಾಕಿ ಅಳೆಯುವ ಸುಲಭದ ದಾರಿ ಇಲ್ಲಿ ಬೇಡ. ಆಲ್ಕೋಹಾಲಿನಲ್ಲಿ ಡೈ ತಾನಾಗಿಯೇ ಹೊಳೆಯಲು ಶುರುಮಾಡುತ್ತದೆ.

ಇನ್ನು ಪ್ರೋಟೀನನ್ನೇ ಬದಲಿಸುವ ವಿಷಯ. ಲೈಸೋಜೈಮಿನ ಅಮೈನೋ ಆಮ್ಲಗಳಲ್ಲಿ 6 ಲೈಸೀನ್‌ಗಳಿವೆ, ರಾಸಾಯನಿಕಗಳು ಹೆಚ್ಚಾಗಿ ಹಿಡಿಯುವುದು ಅವನ್ನೇ. ಗ್ಲುಟರಾಲ್ಡಿಹೈಡ್ ಎರಡು ಲೈಸೀನ್‌ಗಳ ನಡುವೆ ಸೇತುವೆ ಕಟ್ಟುತ್ತದೆ. ಪ್ರೋಟೀನ್ ದ್ರಾವಣ ತೆಳುವಾಗಿದ್ದರೆ ಸೇತುವೆ ಒಂದೇ ಅಣುವಿನೊಳಗೆ ಬೀಳುವ ಸಾಧ್ಯತೆ ಜಾಸ್ತಿ. ದಪ್ಪವಾಗಿದ್ದರೆ ಅಣುಗಳು ಒಂದಕ್ಕೊಂದು ಅಂಟಿ ಗಸಿ ಕೂರುತ್ತದೆ. ದ್ರಾವಣ ನಿಧಾನವಾಗಿ ಹಳದಿಗೆ ತಿರುಗುತ್ತದೆ. ಸಾಕು ಅನ್ನಿಸಿದಾಗ ಗ್ಲೈಸೀನ್ ಹಾಕಿ ನಿಲ್ಲಿಸಿ, ಡಯಾಲಿಸಿಸ್ (ಉಳಿದ ಸಣ್ಣ ಅಣುಗಳನ್ನು ಪೊರೆಯ ಮೂಲಕ ಹೊರಹಾಕುವುದು) ಮಾಡುತ್ತೇನೆ. ಇಲ್ಲೂ ಟ್ರಿಸ್ ಬೇಡ, ಅದರ ಅಮೈನ್ ಗುಂಪೇ ಗ್ಲುಟರಾಲ್ಡಿಹೈಡನ್ನು ನುಂಗಿಬಿಡುತ್ತದೆ.

ಸಕ್ಸಿನಿಕ್ ಅನ್‌ಹೈಡ್ರೈಡ್ ಕಥೆ ಬೇರೆ. ಅದು ಲೈಸೀನಿನ ಧನ ಆವೇಶವನ್ನು ಋಣ ಆವೇಶವಾಗಿ ಬದಲಿಸುತ್ತದೆ. ಲೈಸೋಜೈಮ್ ಒಡೆಯಬೇಕಾದ ಬ್ಯಾಕ್ಟೀರಿಯಾ ಗೋಡೆಯೂ ಋಣ ಆವೇಶದ್ದೇ. ಎರಡೂ ಹತ್ತಿರ ಸೇರುವುದಿಲ್ಲ, ಕೆಲಸ ನಿಂತುಹೋಗುತ್ತದೆ. ಮಡಿಕೆ ಸರಿಯಾಗಿದ್ದರೂ ಅಷ್ಟೇ.

ಅದಕ್ಕೇ ಬರೀ ಕರಗುಬಿಂದು ನೋಡಿ ನಾನು ಏನನ್ನೂ ತೀರ್ಮಾನಿಸುವುದಿಲ್ಲ. ಬಿಸಿ ಮಾಡಿ, ತಣಿಸಿ, ಮೈಕ್ರೊಕಾಕಸ್ ಎಂಬ ಬ್ಯಾಕ್ಟೀರಿಯಾದ ಕೋಶಗಳ ಮಬ್ಬು ದ್ರಾವಣಕ್ಕೆ ಹಾಕಿ 450 ನ್ಯಾನೋಮೀಟರ್‌ನಲ್ಲಿ ನೋಡುತ್ತೇನೆ. ಕಿಣ್ವ ಉಳಿದಿದ್ದರೆ ಮಬ್ಬು ತಿಳಿಯಾಗುತ್ತಾ ಹೋಗುತ್ತದೆ. ಆಮ್ಲೀಯ ಪಿಎಚ್‌ನಲ್ಲಿ ಬಿಸಿ ಮಾಡಿದ ಲೈಸೋಜೈಮ್ ತಣ್ಣಗಾದಾಗ ಬಹುಪಾಲು ಮತ್ತೆ ಮಡಚಿಕೊಳ್ಳುತ್ತದೆ. ಪಿಎಚ್ ತಟಸ್ಥಕ್ಕಿಂತ ಮೇಲಿದ್ದರೆ ಗಂಟುಕಟ್ಟಿ ಹಾಳಾಗುವುದೇ ಜಾಸ್ತಿ. ಹಾಗಾಗಿ ಯಾವುದೇ ಹೊಸ ದ್ರಾವಕ ಬಂದರೂ ಸ್ಯಾಂಪಲ್ ಎರಡು ಪಾಲು ಮಾಡುತ್ತೇನೆ, ಒಂದು ಸಿಡಿಗೆ, ಇನ್ನೊಂದು ಈ ಮಬ್ಬಿನ ಪರೀಕ್ಷೆಗೆ.