ಹೆಡ್‌ಸ್ಟಾಕಿಗೆ ಸ್ಟ್ರಿಂಗ್ ಟ್ರೀ ಹಾಕಿದ್ದು, ಮಧ್ಯೆ ಒಂದು ಸ್ಕ್ರೂ ಮುರಿದಿದ್ದು

ನನ್ನ ಹತ್ರ ಇರೋದು ಸ್ಟ್ರಾಟ್ (ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್) ಥರದ ಎಲೆಕ್ಟ್ರಿಕ್ ಗಿಟಾರ್, ನೆಕ್ (ಕತ್ತು) ಮಾತ್ರ ಬೇರೆ ತಗೊಂಡು ಜೋಡಿಸಿದ್ದು, ಅದರ ತುದಿಯ ಹೆಡ್‌ಸ್ಟಾಕ್‌ನಲ್ಲಿ (ತಂತಿ ಬಿಗಿಸೋ ಟ್ಯೂನರ್‌ಗಳಿರೋ ತಲೆ) ಸ್ಟ್ರಿಂಗ್ ಟ್ರೀಗೆ, ಅಂದ್ರೆ ತಂತೀನ ಕೆಳಕ್ಕೆ ಒತ್ತಿ ಹಿಡಿಯೋ ಪುಟ್ಟ ಕ್ಲಿಪ್‌ಗೆ, ತೂತೇ ಇರ್ಲಿಲ್ಲ. ಇಲ್ದಿದ್ರೆ ಏನ್ ಮಹಾ ಅಂತ ಹಾಗೇ ತಂತಿ ಹಾಕ್ಬಿಟ್ಟೆ. ಬಿ ತಂತೀನ ಓಪನ್ (ಬೆರಳೊತ್ತದೆ) ಮೀಟಿದ್ರೆ ತಂಬೂರಿ ಜವಾರಿ ಥರ ಝುಂಯ್ ಅನ್ನೋದು, ಸ್ವಲ್ಪ ಜೋರಾಗಿ ಬೆಂಡ್ ಮಾಡಿದ್ರೆ (ತಂತೀನ ಅಡ್ಡಕ್ಕೆ ಎಳೆದ್ರೆ) ತೆಳು ಇ ತಂತಿ ನಟ್‌ನಿಂದ (ಕತ್ತಿನ ತುದೀಲಿ ತಂತಿ ಕೂರೋ ಗೀರುಪಟ್ಟಿ) ಎದ್ದೇ ಬರೋದು.

ಗಿಬ್ಸನ್ (ಇನ್ನೊಂದು ಗಿಟಾರ್ ಕಂಪನಿ) ಥರದ ಹೆಡ್‌ಸ್ಟಾಕ್ ಹಿಂದಕ್ಕೆ ಬಾಗಿರತ್ತೆ, ಹಾಗಾಗಿ ತಂತಿ ತಾನೇ ನಟ್ ಮೇಲೆ ಒತ್ಕೊಂಡು ಕೂರತ್ತೆ. ಫೆಂಡರ್ ಥರದ್ದು ಚಪ್ಪಟೆ, ಅದರಲ್ಲೂ ಬಿ, ಇ ಟ್ಯೂನರ್‌ಗಳು ನಟ್‌ನಿಂದ ತುಂಬಾ ದೂರ, ತಂತಿ ನಟ್‌ನಿಂದ ಕೆಳಗಿಳಿಯೋ ಕೋನ ಅನ್ನೋದು ಹೆಸರಿಗಷ್ಟೇ. ಫೆಂಡರ್‌ನವರೇ 1954ರ ಸ್ಟ್ರಾಟ್‌ನಲ್ಲಿ ಗುಂಡಗಿನ ಬಟನ್ ಥರದ ಟ್ರೀ ಹಾಕಿ ಆಮೇಲೆ ಈ ಚಿಟ್ಟೆ ರೆಕ್ಕೆ ಆಕಾರದ್ದಕ್ಕೆ ಬಂದಿದ್ದು.

ಜಾಗ ಗುರುತು ಮಾಡೋಕೆ ತಂತಿ ಬಿಚ್ಚಬೇಡಿ. ಮಾಸ್ಕಿಂಗ್ ಟೇಪ್ ಅಂಟಿಸಿ, ಬಿ ಇ ಎರಡನ್ನೂ ಪೂರ್ತಿ ಟ್ಯೂನ್ ಮಾಡಿ, ಅವೆರಡರ ನಟ್ಟನಡುವೆ ಪೆನ್ಸಿಲ್ ಚುಕ್ಕೆ ಇಟ್ಟೆ, ಉದ್ದಕ್ಕೆ ಹೆಚ್ಚುಕಮ್ಮಿ ಎ ತಂತಿಯ ಟ್ಯೂನರ್ ಪೋಸ್ಟ್ (ತಂತಿ ಸುತ್ತೋ ಕಂಬ) ನೇರಕ್ಕೆ. ನಟ್‌ಗೆ ಹತ್ರ ಹೋದಷ್ಟೂ ಕೋನ ಕಡಿದಾಗತ್ತೆ, ಜಾಸ್ತಿ ಹತ್ರ ಬೇಡ. ಎಷ್ಟು ಆಳ ಅನ್ನೋ ಗುರುತಿಗೆ ಡ್ರಿಲ್ ಬಿಟ್‌ಗೂ ಟೇಪ್ ಸುತ್ಕೊಂಡೆ, ಹೆಡ್‌ಸ್ಟಾಕ್ ಹಿಂದಿನಿಂದ ಬಿಟ್ ಹೊರಗೆ ಬಂದ್ರೆ ಆಮೇಲೆ ಅತ್ತರೂ ಬರಲ್ಲ.

ಇಷ್ಟೆಲ್ಲಾ ಹುಷಾರಾಗಿ ಮಾಡಿ ಎಡವಿದ್ದು ಸ್ಕ್ರೂನಲ್ಲಿ. ಮೇಪಲ್ ಮರ ಕಲ್ಲಿನ ಥರ ಗಟ್ಟಿ, ಸ್ಕ್ರೂ ಕಡ್ಡಿಯಷ್ಟು ತೆಳು, ನಾನು 1 ಮಿ.ಮೀ. ತೂತು ಹಾಕಿ ಒಣ ಒಣವಾಗೇ ತಿರುಗಿಸ್ತಾ ಹೋದೆ, ಬಿಗಿಯಾಗ್ತಿದೆ ಚೆನ್ನಾಗಿ ಕೂರ್ತಿದೆ ಅಂದ್ಕೊಂಡೆ, ಟಕ್ ಅಂತ ತಲೆ ಕಿತ್ಕೊಂಡು ಬಂತು. ಪುಣ್ಯಕ್ಕೆ 3-4 ಮಿ.ಮೀ. ಮೇಲೆ ಉಳಿದಿತ್ತು, ಇಕ್ಕಳದಲ್ಲಿ ಹಿಡಿದು ನಿಧಾನ ಉಲ್ಟಾ ತಿರುಗಿಸಿ ತೆಗೆದೆ. ಎರಡನೇ ಸಲ ಅದೇ ತೂತನ್ನ 1.5ಕ್ಕೆ ದೊಡ್ಡದು ಮಾಡಿ, ಸ್ಕ್ರೂಗೆ ಮೇಣದಬತ್ತಿ ಉಜ್ಜಿ, ಕೈಯಲ್ಲೇ ಅರ್ಧ ಸುತ್ತು ಮುಂದೆ ಕಾಲು ಸುತ್ತು ಹಿಂದೆ ಅಂತ ಇಳಿಸಿದೆ, ಬೆಣ್ಣೆ ಥರ ಹೋಯ್ತು.

ಮೊದಲು ಸ್ಪೇಸರ್ ಇಲ್ಲದೆ ಮರಕ್ಕೆ ತಾಗೋ ಹಾಗೆ ಕೂರಿಸಿದ್ದೆ. ಝುಂಯ್ ಏನೋ ಹೋಯ್ತು, ಆದ್ರೆ ಟ್ರೆಮೊಲೊ (ತಂತಿ ಸಡಿಲಿಸೋ ಹಿಡಿ) ಒತ್ತಿ ಬಿಟ್ರೆ ಬಿ ತಂತಿ ಶಾರ್ಪ್ ಆಗೇ (ಶ್ರುತಿ ಏರಿಯೇ) ನಿಲ್ಲೋದು, ಟ್ಯೂನ್ ಮಾಡುವಾಗ ಟಿಣ್ ಅಂತ ಸದ್ದು ಬೇರೆ. ಟ್ರೀ ಕೆಳಗೆ ತಂತಿ ಸಿಕ್ಕಾಕ್ಕೊಳ್ತಿತ್ತು. ಕೆಳಗೊಂದು ಸಣ್ಣ ನೈಲಾನ್ ಸ್ಪೇಸರ್ ಇಟ್ಟು ಎತ್ತರಿಸಿ, ರೆಕ್ಕೆಯ ಒಳಗೂ ನಟ್‌ನ ಗೀರುಗಳಿಗೂ ಪೆನ್ಸಿಲ್ ಸೀಸ ತಿಕ್ಕಿದ ಮೇಲೆ ಸರಿಹೋಯ್ತು. ತಂತಿ ನಟ್‌ನಿಂದ ಏಳದಷ್ಟು ಒತ್ತಿದ್ರೆ ಸಾಕು, ಅದಕ್ಕಿಂತ ಜಾಸ್ತಿ ಒತ್ತಿದ್ದೆಲ್ಲಾ ಬರೀ ಘರ್ಷಣೆ.

ಡಿ, ಜಿ ತಂತಿಗೆ ಅಂತ ತಂದ ಇನ್ನೊಂದು ಟ್ರೀ ಡಬ್ಬೀಲೇ ಇದೆ. ಜಿ ತಂತೀನ ಪೋಸ್ಟಿಗೆ ಮೂರು ಸುತ್ತು ಕೆಳಮುಖವಾಗಿ ಸುತ್ತಿದ್ಮೇಲೆ ಮತ್ತೆ ಡ್ರಿಲ್ ಹಿಡಿಯೋ ಮನಸ್ಸಾಗಿಲ್ಲ.