ತಪ್ಪು ಕತೆ ಹೇಳಿ ಮೊಮ್ಮಕ್ಕಳನ್ನು ಪ್ರಾರ್ಥನೆಗೆ ಕೂರಿಸಿದ್ದು

ರಾತ್ರಿ ಎಂಟಾಯಿತೆಂದರೆ ನಮ್ಮ ಮನೆಯಲ್ಲಿ ಈಗ ಮೊಮ್ಮಕ್ಕಳೇ ಚಾಪೆ ಹಾಸುತ್ತಾರೆ. ನಾನು ಕರೆಯುವುದಿಲ್ಲ. ಇದನ್ನು ಹೇಳಿದರೆ ನಮ್ಮ ಚರ್ಚ್ ಸಭೆಯ ಹಿರಿಯರಲ್ಲಿ ಕೆಲವರು ಇನ್ನೂ ನಂಬುವುದಿಲ್ಲ. "ಏನು, ಚಾಕೊಲೇಟ್ ಕೊಡ್ತೀರಾ?" ಎಂದು ಕೇಳುತ್ತಾರೆ. ಚಾಕೊಲೇಟ್ ಅಂತೂ ಅಲ್ಲ. ದುಡ್ಡು ಕೊಡುತ್ತೇನೆ. ಅದರ ಲೆಕ್ಕ ಬೇರೆ, ಮುಂದೆ ಹೇಳುತ್ತೇನೆ.

ಕುಟುಂಬ ಪ್ರಾರ್ಥನೆ ನಡೆಸುವವರಿಗೆ ಅದರ ಕಷ್ಟ ವಿವರಿಸಬೇಕಾಗಿಲ್ಲ. ಒಂದು ಹಾಡು, ಒಂದು ಅಧ್ಯಾಯ, ಒಂದು ಪ್ರಾರ್ಥನೆ, ಕೊನೆಗೆ ಎಲ್ಲರೂ ಸೇರಿ ಕರ್ತನ ಪ್ರಾರ್ಥನೆ. ಇಷ್ಟಕ್ಕೇ ದೊಡ್ಡವಳಿಗೆ ಹೋಂವರ್ಕ್, ನಡುವಿನವನಿಗೆ ಹೊಟ್ಟೆನೋವು, ಚಿಕ್ಕವನಿಗೆ ಸರಿಯಾಗಿ ಅದೇ ಹೊತ್ತಿಗೆ ಬಾತ್‌ರೂಮು. ನನ್ನ ಮಗ ಕಣ್ಣು ಮುಚ್ಚಿಕೊಂಡೇ ಫೋನ್ ನೋಡುವ ವಿದ್ಯೆ ಕಲಿತಿದ್ದ.

ನಮ್ಮಪ್ಪನ ಕಾಲದ ದಾರಿ ಈಗ ನಡೆಯುವುದಿಲ್ಲ. ಅವರು ಮಂಡ್ಯ ಕಡೆಯವರು. 1947ರಲ್ಲಿ ಹಲವು ಸಭೆಗಳು ಒಂದಾಗಿ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಆದಮೇಲೂ ಕೊನೆಯವರೆಗೆ ತಾವು ಹಳೆಯ ವೆಸ್ಲಿಯನ್ ಸಭೆಯವರು ಎಂದೇ ಹೇಳಿಕೊಂಡರು. ಲಾಟೀನು ಮುಂದಿಟ್ಟು ಅಧ್ಯಾಯ ಓದುವರು. ತೂಕಡಿಸಿದವನ ನೆತ್ತಿಗೆ ಒಂದು ಮೊಟಕು. ಇವತ್ತು ನಾನು ಮೊಟಕಿದರೆ ಸೊಸೆ ಸುಮ್ಮನಿರುತ್ತಾಳೆಯೇ?

ಹಾಗಾಗಿ ದುಡ್ಡು ಸುರಿದೆ. ಮೊದಲು ಬಣ್ಣದ ಚಿತ್ರಗಳ ಬೈಬಲ್ ಕತೆ ಪುಸ್ತಕ, ಒಂದು ಸೆಟ್. ಸಾವಿರದ ಇನ್ನೂರೋ ಏನೋ ಆಯಿತು. ಒಂದು ವಾರ ಚೆನ್ನಾಗಿ ನಡೆಯಿತು. ಆಮೇಲೆ ಚಿಕ್ಕವನು ಹವ್ವಳಿಗೆ ಮೀಸೆ ಬರೆದ, ಅಲ್ಲಿಗೆ ಮುಗಿಯಿತು. ಆಮೇಲೆ ಓದಿ ಹೇಳುವ ಸ್ಪೀಕರ್ ಡಬ್ಬಿ ತಂದೆ. ಎರಡೂವರೆ ಸಾವಿರದ ಹತ್ತಿರ. ಒಳ್ಳೆಯ ಗಂಭೀರ ದನಿ. ಎಲ್ಲರಿಗಿಂತ ಮೊದಲು ನಾನೇ ನಿದ್ದೆ ಹೋಗುತ್ತಿದ್ದೆ. ಟೀವಿಯಲ್ಲಿ ಬೈಬಲ್ ಕಾರ್ಟೂನ್ ಹಾಕಿದೆ, ಅದು ಮುಗಿದ ತಕ್ಷಣ ಬೇರೆ ಕಾರ್ಟೂನ್ ಬೇಕೆಂದು ರಂಪ. ಗೋಡೆಗೆ ಹಾಜರಿ ಪಟ್ಟಿ ಅಂಟಿಸಿ ನಕ್ಷತ್ರದ ಸ್ಟಿಕ್ಕರ್ ಕೊಟ್ಟೆ. ನಡುವಿನವನು ಸ್ಟಿಕ್ಕರ್ ಹಾಳೆ ಎಲ್ಲಿಟ್ಟಿದ್ದೇನೆ ಎಂದು ಪತ್ತೆ ಮಾಡಿ ತಿಂಗಳಿಡೀ ತಾನೇ ಹಚ್ಚಿಕೊಂಡ.

ದುಡ್ಡಿಲ್ಲದ ದಾರಿಯೂ ನೋಡಿದೆ. ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡದಿಂದ ಶುರುಮಾಡಿ ನೇರವಾಗಿ ಓದಿಕೊಂಡು ಹೋಗುವುದು. ಆದಿಕಾಂಡ ಸಲೀಸು, ವಿಮೋಚನಕಾಂಡ ಅರ್ಧದವರೆಗೆ ಪರವಾಗಿಲ್ಲ. ಯಾಜಕಕಾಂಡದಲ್ಲಿ ಬಂಡಿ ನಿಂತಿತು. ಹದಿಮೂರನೆಯ ಅಧ್ಯಾಯ ಗೊತ್ತಲ್ಲ, ಪೂರ್ತಿ ಚರ್ಮದ ರೋಗ. ಊಟಕ್ಕೆ ಮೊದಲು ಅದನ್ನು ಓದಿದೆ. ಸೊಸೆ ಆ ರಾತ್ರಿ ಊಟವನ್ನೇ ಮಾಡಲಿಲ್ಲ.

ಎಲ್ಲ ಸೇರಿ ಏಳೆಂಟು ಸಾವಿರ ಹೋಗಿರಬೇಕು. ನನ್ನ ಹೆಂಡತಿ ಹೇಳುವ ಲೆಕ್ಕ ಇನ್ನೂ ಜಾಸ್ತಿ.

ದಾರಿ ಸಿಕ್ಕಿದ್ದು ಪ್ರವಾದಿ ಯೋನನಿಂದ. ನಡುವಿನವನು ಸಂಡೇ ಸ್ಕೂಲಿನಲ್ಲಿ ಕೇಳಿದ ಕತೆಯನ್ನು ಹೇಳುತ್ತಿದ್ದ. "ಯೋನನನ್ನ ತಿಮಿಂಗಿಲ ನುಂಗಿತು" ಎಂದ. ದೊಡ್ಡವಳು ಒಪ್ಪಲಿಲ್ಲ. "ಅಲ್ಲಿ ತಿಮಿಂಗಿಲ ಅಂತ ಇಲ್ಲವೇ ಇಲ್ಲ." ಜಗಳ ಹತ್ತಿತು. ಇಬ್ಬರೂ ಎದ್ದು ಹೋಗಿ ನನ್ನ ಸತ್ಯವೇದ, ಅಂದರೆ ಕನ್ನಡ ಬೈಬಲ್, ತಂದರು. ಯೋನನ ಪುಸ್ತಕ ಹುಡುಕಲು ಅವರಿಗೆ ಬಹಳ ಹೊತ್ತು ಹಿಡಿಯಿತು. ನಾನು ಬಾಯಿ ಬಿಡಲಿಲ್ಲ. ಕೊನೆಗೆ ಸಿಕ್ಕಿತು: ದೊಡ್ಡ ಮೀನು. ದೊಡ್ಡವಳು ಕುಣಿದಳು. ನಾನು ಹೇಳದೆ ಆ ಮಕ್ಕಳು ಸತ್ಯವೇದ ತೆರೆದದ್ದು ಅದೇ ಮೊದಲು. ಮಕ್ಕಳಿಗೆ ಸರಿ ಕಲಿಯುವುದಕ್ಕಿಂತ ತಪ್ಪು ಹಿಡಿಯುವುದರಲ್ಲಿ ಆಸೆ ಜಾಸ್ತಿ ಎಂದು ಆಗ ಹೊಳೆಯಿತು.

ಮಾರನೆಯ ದಿನದಿಂದ ಕಾಯಿದೆ ಮಾಡಿದೆ. ನಾನು ದಿನಕ್ಕೊಂದು ಕತೆಯನ್ನು ನಮ್ಮ ಆಡುಮಾತಿನಲ್ಲಿ ಹೇಳುತ್ತೇನೆ. ಒಳಗೆ ಒಂದೇ ಒಂದು ತಪ್ಪು ಇರುತ್ತದೆ. ಹಿಡಿದವರಿಗೆ ಎರಡು ರೂಪಾಯಿ. ಆದರೆ "ತಪ್ಪು" ಎಂದು ಕೂಗಿದರೆ ಸಾಲದು. ಕನ್ನಡ ಸತ್ಯವೇದದಲ್ಲಿ ಆ ವಚನ ತೆಗೆದು ಎಲ್ಲರಿಗೂ ಕೇಳುವ ಹಾಗೆ ಓದಬೇಕು. ಇಂಗ್ಲಿಷಿನಲ್ಲಿ ತೋರಿಸಿದರೆ ದುಡ್ಡಿಲ್ಲ. ಯಾರೂ ಹಿಡಿಯದಿದ್ದರೆ ನನ್ನ ಕಾಲು ಒತ್ತಬೇಕು. ಗೆದ್ದ ದುಡ್ಡಿನಲ್ಲಿ ಅರ್ಧ ಭಾನುವಾರ ಕಾಣಿಕೆಗೆ.

ಇಂಗ್ಲಿಷ್ ಮೀಡಿಯಂ ಮಕ್ಕಳು. ಶುರುವಿನಲ್ಲಿ ಒತ್ತಕ್ಷರ ಬಂದರೆ ಸಾಕು, ನಿಂತುಬಿಡುತ್ತಿದ್ದರು. ಧರ್ಮೋಪದೇಶಕಾಂಡ ಎಂಬ ಹೆಸರು ಚಿಕ್ಕವನ ಬಾಯಲ್ಲಿ ಗೂಡ್ಸ್ ಗಾಡಿಯ ಹಾಗೆ ಹಾದುಹೋಗುತ್ತಿತ್ತು, ಒಂದೊಂದೇ ಡಬ್ಬಿ. ಈಗ ಅವನೇ ಎಲ್ಲರಿಗಿಂತ ವೇಗ. ಟ್ಯೂಷನ್‌ಗೆ ತಿಂಗಳಿಗೆ ಐನೂರು ಕೊಟ್ಟರೂ ಬಾರದ ಕನ್ನಡ ಎರಡು ರೂಪಾಯಿಗೆ ಬಂತು ಎಂದು ಸೊಸೆಯೇ ತನ್ನ ತಾಯಿಗೆ ಫೋನಿನಲ್ಲಿ ಹೇಳಿದ್ದನ್ನು ನಾನು ಕೇಳಿಸಿಕೊಂಡೆ. ನನ್ನೆದುರು ಹೇಳಲಿಲ್ಲ, ಇರಲಿ.

ಮೊದಲು ತಕರಾರು ತೆಗೆದವಳು ನನ್ನ ಹೆಂಡತಿ. ಆಮೇಲೆ ಸಭೆಯ ಒಬ್ಬ ಹಿರಿಯರು. "ದೇವರ ವಾಕ್ಯವನ್ನೇ ತಿರುಚಿ ಹೇಳ್ತೀರಲ್ಲ, ಇದು ಸರೀನಾ? ನಾಳೆ ಮಕ್ಕಳು ತಪ್ಪನ್ನೇ ನೆನಪಿಟ್ಟುಕೊಂಡರೆ?" ಕೇಳಬೇಕಾದ ಪ್ರಶ್ನೆಯೇ. ಇದಕ್ಕೆ ನನ್ನ ಕಟ್ಟುಪಾಡು ಎರಡು. ತಪ್ಪು ಹೊರಬರದೆ ಆಮೆನ್ ಇಲ್ಲ. ಯಾರೂ ಹಿಡಿಯದಿದ್ದರೆ ನಾನೇ ವಚನ ತೆಗೆದು ಓದಿಸುತ್ತೇನೆ, ಆಮೇಲೆ ಪ್ರಾರ್ಥನೆ. ಎರಡನೆಯದು, ಯೇಸುವಿನ ಬಾಯಿಂದ ಬಂದ ಮಾತಿನಲ್ಲಿ, ಶಿಲುಬೆಯಲ್ಲಿ, ಪುನರುತ್ಥಾನದಲ್ಲಿ ಕೈಯಾಡಿಸುವುದಿಲ್ಲ. ತಪ್ಪು ಇಡುವುದು ಲೆಕ್ಕದಲ್ಲಿ, ಹಕ್ಕಿಯಲ್ಲಿ, ಪ್ರಾಣಿಯಲ್ಲಿ, ಊರಿನಲ್ಲಿ ಮಾತ್ರ.

ತಪ್ಪು ಆರಿಸುವುದೇ ಇದರ ಕಸಬು. ಚಿಕ್ಕವರಿಗೆ ಸುಲಭದ್ದು ಬೇಕು. ದಾವೀದ ಹಳ್ಳದಿಂದ ಮೂರು ಕಲ್ಲು ಆರಿಸಿಕೊಂಡ ಎನ್ನಿ, ಐದು ಎಂದು ಕೂಗುತ್ತಾರೆ. ನೋಹ ಮೊದಲು ಪಾರಿವಾಳ ಬಿಟ್ಟ ಎನ್ನಿ, ಕಾಗೆ ಎಂದು ಹುಡುಕಿ ತರುತ್ತಾರೆ. ಸ್ವಲ್ಪ ಬಲಿತ ಮೇಲೆ ಐದು ರೊಟ್ಟಿಯ ಕತೆಯನ್ನೂ ಏಳು ರೊಟ್ಟಿಯ ಕತೆಯನ್ನೂ ಬೆರೆಸಿ. ಐದು ಸಾವಿರ ಜನ ಉಂಡಾಗ ಉಳಿದದ್ದು ಹನ್ನೆರಡು ಪುಟ್ಟಿ, ನಾಲ್ಕು ಸಾವಿರ ಜನ ಉಂಡಾಗ ಏಳು. ದೊಡ್ಡವರೂ ಇಲ್ಲಿ ಎಡವುತ್ತಾರೆ.

ದೊಡ್ಡವರನ್ನು ಬೀಳಿಸುವುದಕ್ಕೆ ಬೇರೆ ತರಹದ್ದು ಬೇಕು. ಅವರು ಓದಿದ್ದಕ್ಕಿಂತ ಕೇಳಿದ್ದನ್ನು ನಂಬಿರುತ್ತಾರೆ. ದಮಸ್ಕದ ದಾರಿಯಲ್ಲಿ ಯೇಸುವಿನ ದರ್ಶನವಾದಾಗ ಅಪೊಸ್ತಲ ಪೌಲ ಕುದುರೆಯಿಂದ ಬಿದ್ದ ಎಂದೆ. ಸಂಡೇ ಸ್ಕೂಲಿನಲ್ಲಿ ವರ್ಷವರ್ಷ ಬಹುಮಾನ ತಂದ ನನ್ನ ಮಗ, ಇದರಲ್ಲಿ ತಪ್ಪೇ ಇಲ್ಲ ಎಂದು ವಾದಿಸಿದ. ಅಪೊಸ್ತಲರ ಕೃತ್ಯಗಳ ಒಂಬತ್ತನೆಯ ಅಧ್ಯಾಯದಲ್ಲಿ ಕುದುರೆಯ ಸುಳಿವೇ ಇಲ್ಲ. ಅವನ ಮಗಳೇ ಅವನಿಗೆ ಓದಿ ತೋರಿಸಿದಳು. ಮಗು ಯೇಸುವನ್ನು ನೋಡಲು ಬಂದ ಜ್ಞಾನಿಗಳು ಮೂವರು ಎಂದು ಮತ್ತಾಯ ಎಲ್ಲೂ ಬರೆದಿಲ್ಲ. ನೋಹನ ನಾವೆಗೆ ಎಲ್ಲ ಪ್ರಾಣಿಯೂ ಎರಡೆರಡೇ ಅಲ್ಲ, ಶುದ್ಧ ಪ್ರಾಣಿಗಳು ಏಳೇಳು. ಇಷ್ಟು ನಿಮಗೆ ಸಾಕು. ಇನ್ನೊಂದು ಹತ್ತು ನನ್ನ ಡೈರಿಯಲ್ಲಿವೆ, ಅವು ಡಿಸೆಂಬರಿಗೆ ಬೀಗರು ಬಂದಾಗ ಬೇಕಾಗುತ್ತವೆ.

ನಗು ಬಂದರೆ ತಡೆಯುವುದಿಲ್ಲ. ನಡುವಿನವನು ನನ್ನನ್ನು "ಬೋಡ ತಾತ" ಎನ್ನುತ್ತಿದ್ದ. ಒಂದು ರಾತ್ರಿ ಪ್ರವಾದಿ ಎಲೀಷನ ಕತೆ ತೆಗೆದೆ. ಬೋಡ ಎಂದು ಹುಡುಗರು ಅಣಕಿಸಿದರು, ಕಾಡಿನಿಂದ ಎರಡು ಕರಡಿ ಬಂದು ಇಪ್ಪತ್ತನಾಲ್ಕು ಜನರನ್ನು ಸೀಳಿಹಾಕಿದವು ಎಂದೆ. ಲೆಕ್ಕದಲ್ಲಿ ಏನೋ ಇದೆ ಎಂದು ಅವನಿಗೆ ಅನುಮಾನ ಬಂತು. ಎರಡನೆಯ ಅರಸುಗಳು ತೆಗೆದು ಬೆರಳಿಟ್ಟು ಓದಿದ. ನಲವತ್ತೆರಡು. ಎರಡು ರೂಪಾಯಿ ಜೇಬಿಗಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮೆಲ್ಲಗೆ ಕೇಳಿದ: "ತಾತ, ನಮ್ಮ ಮೈಸೂರು ಝೂನಲ್ಲೂ ಕರಡಿ ಇದೆ ಅಲ್ವಾ?"

ಇದರ ಜೊತೆಗೆ ನಡೆದ ಪ್ರಯೋಗಗಳನ್ನೂ ಹೇಳಬೇಕು. ನಾನು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು. ಅಳತೆ ಕಂಡರೆ ಟೇಪ್ ತೆಗೆಯುವ ಚಾಳಿ ಹೋಗಿಲ್ಲ. ದಾವೀದ ಕಲ್ಲು ಹೊಡೆದು ಬೀಳಿಸಿದ ದೈತ್ಯ ಗೊಲ್ಯಾತ ಆರೂವರೆ ಮೊಳ, ಅಂದರೆ ಆರು ಮೊಳದ ಮೇಲೊಂದು ಗೇಣು. ಕಾಂಪೌಂಡ್ ಗೋಡೆ ಸಾಲದೆ ಮನೆಯ ಗೋಡೆಗೇ ಸೀಮೆಸುಣ್ಣದಲ್ಲಿ ಬರೆಯಲು ನಿಂತೆವು. ಯಾರ ಮೊಳ ಎಂಬುದೇ ತಗಾದೆ. ಚಿಕ್ಕವನ ಮೊಳದಲ್ಲಿ ಅಳೆದರೆ ಗೊಲ್ಯಾತ ನಮ್ಮ ಬಾಗಿಲಲ್ಲಿ ತಲೆ ಬಗ್ಗಿಸದೆ ಬರುತ್ತಾನೆ. ನನ್ನ ಮೊಳ ಹದಿನೆಂಟು ಇಂಚು, ಅದರಲ್ಲಿ ಒಂಬತ್ತು ಅಡಿ ಒಂಬತ್ತು ಇಂಚು. ಮಾರನೆಯ ದಿನ ದೊಡ್ಡವಳನ್ನು ದೇವರಾಜ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿ ಮಲ್ಲಿಗೆ ಒಂದು ಮೊಳ ತೆಗೆದುಕೊಂಡೆ. ಹೂವಿನಮ್ಮ ಮೊಣಕೈಯಿಂದ ಸರ್ರನೆ ಎಳೆದು ಕಿತ್ತುಕೊಟ್ಟಳು. ಮನೆಗೆ ಬಂದು ಟೇಪ್ ಹಿಡಿದರೆ ಹದಿನಾರು ಇಂಚು. ದೇವರಾಜ ಮಾರ್ಕೆಟ್ಟಿನ ಮೊಳದಲ್ಲಿ ಗೊಲ್ಯಾತ ಒಂದಡಿಗೂ ಹೆಚ್ಚು ಕುಳ್ಳಗಾದ. ಎರಡೂ ಗೆರೆ ಇನ್ನೂ ಗೋಡೆಯ ಮೇಲಿವೆ, ಬಣ್ಣ ಹೊಡೆಸಲು ಬಿಟ್ಟಿಲ್ಲ.

ನೋಹನ ನಾವೆಯ ಉದ್ದ ಮುನ್ನೂರು ಮೊಳ, ಅಂದರೆ ನಾನೂರೈವತ್ತು ಅಡಿ. ಹಗ್ಗ ಹಿಡಿದು ಬೀದಿಯಲ್ಲಿ ನಡೆದರೆ ನಮ್ಮ ಬೀದಿ ಸಾಲಲಿಲ್ಲ. ಸಂತ ಫಿಲೋಮಿನಾ ಚರ್ಚಿನ ಗೋಪುರ 175 ಅಡಿ. ಅಂಥ ಎರಡೂವರೆ ಗೋಪುರ ಮಲಗಿಸಿದಷ್ಟು ಉದ್ದ ಎಂದಮೇಲೆ ಮಕ್ಕಳ ಬಾಯಿ ಮುಚ್ಚಲಿಲ್ಲ.

ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರ ಮನ್ನ ಕೊತ್ತಂಬರಿ ಬೀಜದ ಹಾಗಿತ್ತು, ರುಚಿ ಜೇನಿನ ದೋಸೆಯ ಹಾಗೆ ಎಂದು ಬರೆದಿದೆಯಲ್ಲ. ನನ್ನ ಹೆಂಡತಿ ಕೊತ್ತಂಬರಿ ಬೀಜ ಹುರಿದು, ಮಂಡ್ಯದ ಬೆಲ್ಲ ಹಾಕಿ ಏನೋ ಮಾಡಿದಳು. ನಡುವಿನವನು ಒಂದು ತುತ್ತು ಬಾಯಿಗಿಟ್ಟು, "ನಲವತ್ತು ವರ್ಷ ಇದನ್ನೇ ತಿಂದರಾ? ಪಾಪ" ಎಂದ. ಸಾಸಿವೆ ಕಾಳು ಬೆಳೆದು ಮರವಾಗಿ ಹಕ್ಕಿಗಳು ಬಂದು ಕೂರುತ್ತವೆ ಎಂಬ ಯೇಸುವಿನ ಸಾಮ್ಯ ಓದಿ, ಕಾಳನ್ನು ತಾರಸಿಯ ಕುಂಡದಲ್ಲಿ ಹಾಕಿದ್ದೆವು. ಸೊಂಟದವರೆಗೆ ಬಂತು, ಮರವಾಗಲಿಲ್ಲ, ಹಕ್ಕಿ ಗೂಡು ಕಟ್ಟಲಿಲ್ಲ. ಚಿಕ್ಕವನು ಬಂದು ಕೈಚಾಚಿದ. ಇದು ಯೇಸುಸ್ವಾಮಿ ಹೇಳಿದ್ದು, ಇದಕ್ಕೆ ಎರಡು ರೂಪಾಯಿ ಇಲ್ಲ, ಕರಿ ಸಾಸಿವೆ ಆಳೆತ್ತರ ಬೆಳೆಯುತ್ತದೆ, ನಮ್ಮ ಕುಂಡ ಚಿಕ್ಕದು ಎಂದೆ. ಅವನು ದೊಡ್ಡ ಕುಂಡ ಕೇಳಿದ. ನೂರೆಂಬತ್ತು ರೂಪಾಯಿ ಅಲ್ಲಿ ಹೋಯಿತು.

ಪಕ್ಕದ ಮನೆಯ ಹುಡುಗಿಯೂ ಬಂದು ಕೂರತೊಡಗಿದಳು. ಅವಳ ಅಜ್ಜಿ ಏನೆನ್ನುವರೋ ಎಂದು ನಾನೇ ಹೋಗಿ ಕೇಳಿದೆ. ಅವರು ನಕ್ಕರು. ದಸರಾದಲ್ಲಿ ಗೊಂಬೆ ನೋಡಲು ನಮ್ಮ ಮಕ್ಕಳು ಹೋದಾಗ ಅವರೂ ಅದೇ ಆಟ ಹೂಡಿದ್ದಾರೆ: "ಕೈಕೇಯಿ ದಶರಥನ ಹತ್ತಿರ ಮೂರು ವರ ಕೇಳಿದಳು." ಎರಡು ಎಂದು ಹೇಳಿ ಚಿಕ್ಕವನು ಒಂದು ಬಟ್ಟಲು ಉಸಲಿ ಜಾಸ್ತಿ ಗೆದ್ದು ಬಂದ.

ಇನ್ನು ಲೆಕ್ಕ. ದಿನಕ್ಕೊಂದು ತಪ್ಪು, ಎರಡು ರೂಪಾಯಿ. ಶನಿವಾರ ಮಕ್ಕಳು ಕತೆ ಹೇಳುತ್ತಾರೆ, ನಾವು ಹಿಡಿಯಬೇಕು. ಅದರಲ್ಲಿ ಅವರು ಅಪ್ಪನನ್ನೋ ಅಮ್ಮನನ್ನೋ ಬೀಳಿಸಿದರೆ ಐದು. ದೊಡ್ಡವಳು ಮುಷ್ಕರ ಮಾಡಿ ಪಡೆದ ಏರಿಕೆ ಅದು. ಫೋನ್‌ಪೇ ಮಾಡಿ ಎಂದೂ ಕೇಳಿದಳು, ಆಗುವುದಿಲ್ಲ ಎಂದೆ. ನಾಣ್ಯ ಚಾಪೆಯ ಮೇಲೆ ಠಣ್ ಎನ್ನಬೇಕು. ತಿಂಗಳಿಗೆ ಎಂಬತ್ತೋ ತೊಂಬತ್ತೋ ಆಗುತ್ತದೆ, ಅರ್ಧ ಕಾಣಿಕೆಗೇ ಹೋಗುತ್ತದೆ. ಆ ಸ್ಪೀಕರ್ ಡಬ್ಬಿಯ ದುಡ್ಡಿನಲ್ಲಿ ಎರಡು ವರ್ಷದ ಮೇಲೆ ನಡೆಸಬಹುದಿತ್ತು.

ಎಲ್ಲ ಸೇರಿ ಹತ್ತು ಹನ್ನೆರಡು ನಿಮಿಷ. ಅದಕ್ಕಿಂತ ಎಳೆಯುವುದಿಲ್ಲ. ಪೌಲ ನಡುರಾತ್ರಿಯವರೆಗೆ ಮಾತಾಡಿದ್ದಕ್ಕೆ ಕಿಟಕಿಯಲ್ಲಿ ಕೂತಿದ್ದ ಹುಡುಗ ನಿದ್ದೆಗಣ್ಣಲ್ಲಿ ಮೂರನೆಯ ಅಂತಸ್ತಿನಿಂದ ಬಿದ್ದ. ಪೌಲ ಅವನನ್ನು ಎಬ್ಬಿಸಿದ, ನನಗೆ ಆ ವರ ಇಲ್ಲ.

ಇಷ್ಟು ನಕ್ಕರೆ ಪ್ರಾರ್ಥನೆಯ ಗಾಂಭೀರ್ಯ ಹೋಗುವುದಿಲ್ಲವೇ ಎಂದು ಸಭಾಪಾಲಕರು ಕೇಳಿದರು. ನಾನು ಕಂಡದ್ದು ಬೇರೆ. ನಕ್ಕು ದಣಿದ ಮಕ್ಕಳು ಕಣ್ಣು ಮುಚ್ಚಿದರೆ ನಿಜವಾಗಿ ಮುಚ್ಚುತ್ತಾರೆ. ಗೋಡೆಗೆ ಗೊಲ್ಯಾತನನ್ನು ಬರೆದ ದಿನ ಪ್ರಾರ್ಥನೆ ಚಿಕ್ಕವನ ಸರದಿ. ಅಪ್ಪ, ಅಮ್ಮ, ಅಜ್ಜಿ, ತಾತನ ಮಂಡಿನೋವು, ಎಲ್ಲ ಮುಗಿಸಿ, "ಸ್ವಾಮಿ, ಗೊಲ್ಯಾತನ ಅಮ್ಮನಿಗೆ ಸಮಾಧಾನ ಕೊಡು" ಎಂದ. ಇಷ್ಟು ವರ್ಷ ಆ ಅಧ್ಯಾಯದ ಮೇಲೆ ಎಷ್ಟೋ ಪ್ರಸಂಗ ಕೇಳಿದ್ದೇನೆ. ಆ ಹೆಂಗಸು ಯಾರಿಗೂ ನೆನಪಾಗಿರಲಿಲ್ಲ. ನನ್ನ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಂದಿನಿಂದ ಅವಳ ತಕರಾರು ನಿಂತಿತು.

ಅವಳ ಕಿವಿಗೆ ಬೀಳದ ಹಾಗೆ ತಪ್ಪನ್ನು ಎಲ್ಲಿ ಅಡಗಿಸುತ್ತೇನೆ ಎಂಬುದನ್ನು ಮಾತ್ರ ಹೇಳಲಾರೆ. ಮಗನ ಫೋನು ಎಂಟು ಗಂಟೆಗೆ ತಾನಾಗಿ ಬಿಸ್ಕತ್ತಿನ ಡಬ್ಬಿಯೊಳಗೆ ಹೇಗೆ ಹೋಗುತ್ತದೆ ಎಂಬುದನ್ನೂ ಅಷ್ಟೇ. ಬರೆದರೆ ಅವನು ಓದುತ್ತಾನೆ.

ವಾಕ್ಯ ತಿರುಚುತ್ತೀರಿ ಎಂದಿದ್ದ ಆ ಹಿರಿಯರು ಮೊನ್ನೆ ಫೋನ್ ಮಾಡಿದ್ದರು. ಬೆಂಗಳೂರಿನಿಂದ ಮೊಮ್ಮಕ್ಕಳು ರಜೆಗೆ ಬಂದಿದ್ದಾರಂತೆ, ಒಂದೂ ಕೂರುವುದಿಲ್ಲವಂತೆ. ಸುತ್ತಿ ಬಳಸಿ ಕೊನೆಗೆ ವಿಷಯಕ್ಕೆ ಬಂದರು: "ಆ ಕುದುರೆದು ಹೇಗೆ ಹೇಳಿದ್ರಿ?" ಎಲ್ಲರನ್ನೂ ಕರೆದುಕೊಂಡು ಎಂಟಕ್ಕೆ ಮನೆಗೆ ಬನ್ನಿ, ಚಿಲ್ಲರೆ ಮಾತ್ರ ನೀವೇ ತನ್ನಿ ಎಂದೆ.